ಬ್ರೂಜಾ, ಗೆಂಟಾ?

ವರ್ಷಕ್ಕೆ ಎರಡು ಸಲವಾದರೂ ಈ ಪ್ರಶ್ನೆ ನನ್ನ ವಾಟ್ಸ್ಯಾಪಿಗೆ ಬಂದು ಬೀಳುತ್ತೆ. "ಬ್ರಸೆಲ್ಸ್‌ಗೆ ಹೋಗ್ತಿದೀನಿ, ಕ್ಲೈಂಟ್ ಮೀಟಿಂಗು. ಶುಕ್ರವಾರ ಸಂಜೆ ಮುಗಿಯುತ್ತೆ, ಭಾನುವಾರ ರಾತ್ರಿ ಫ್ಲೈಟು. ಮಧ್ಯದಲ್ಲಿ ಬ್ರೂಜ್ ನೋಡ್ಲಾ, ಗೆಂಟ್ ನೋಡ್ಲಾ?" ನಾನು ಆರು ತಿಂಗಳು ಡೆಪ್ಯುಟೇಶನ್ ಮೇಲೆ ಬ್ರಸೆಲ್ಸಿನಲ್ಲಿದ್ದೆ ಅನ್ನೋ ಒಂದೇ ಕಾರಣಕ್ಕೆ ಆಫೀಸಿನಲ್ಲಿ ನಾನು ಬೆಲ್ಜಿಯಂ ತಜ್ಞ. ಇಷ್ಟು ದಿನ ಎಲ್ಲರಿಗೂ "ಎರಡೂ ಚೆನ್ನಾಗಿದೆ ಗುರು, ಒಂದೇ ದಿನದಲ್ಲಿ ಎರಡೂ ಮಾಡಬಹುದು" ಅಂತ ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಅದು ಕೆಟ್ಟ ಸಲಹೆ. ಯಾಕೆ ಅಂತ ಹೇಳುವುದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ಮೊದಲ ಸಲ ನಾನೂ ನನ್ನ ಹೆಂಡತಿಯೂ ಹಾಗೇ ಮಾಡಿದ್ದೆವು. ರೈಲಿನ ಲೆಕ್ಕ ಬಹಳ ಸುಲಭ. ಬ್ರಸೆಲ್ಸಿನಿಂದ ಗೆಂಟಿಗೆ ಸುಮಾರು ಅರ್ಧ ಗಂಟೆ, ಅಲ್ಲಿಂದ ಅದೇ ದಾರಿಯಲ್ಲಿ ಬ್ರೂಜಿಗೆ ಇನ್ನೊಂದು ಇಪ್ಪತ್ತೈದು ನಿಮಿಷ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಹೊತ್ತಿನಲ್ಲಿ ಒಂದು ಮಧ್ಯಯುಗದ ಊರಿಂದ ಇನ್ನೊಂದಕ್ಕೆ ಹೋಗಿಬಿಡಬಹುದು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಮೇಲೆ ಇನ್ನೊಂದು, ನಡುವೆ ವಾಫಲ್ಲು, ಕೈಯಲ್ಲಿ ನಾನ್ನೂರು ಫೋಟೊ. ರಾತ್ರಿ ರೂಮಿಗೆ ಬಂದಾಗ ಏನೋ ಸಾಧಿಸಿದ ಸಮಾಧಾನ.

ಬೆಂಗಳೂರಿಗೆ ವಾಪಸ್ ಬಂದಮೇಲೆ ನನ್ನ ಹೆಂಡತಿ ಅವಳಪ್ಪನಿಗೆ ತೋರಿಸಲು ಫೋಟೊಗಳನ್ನು ಪ್ರಿಂಟ್ ಹಾಕಿಸಿ ಆಲ್ಬಂ ಮಾಡಿದಳು. ಮಾವ ಒಂದು ಪುಟ ತಿರುವಿ ಕೇಳಿದರು, "ಇದು ಯಾವ ಊರಪ್ಪಾ?"

"ಬ್ರೂಜ್, ಮಾವ."

"ಇಲ್ಲಪ್ಪ, ಅದು ಗೆಂಟು" ಅಂದಳು ಇವಳು.

ಕಾಲುವೆ, ಮೆಟ್ಟಿಲು ಮೆಟ್ಟಿಲಾದ ಗೋಡೆಯ ಮನೆಗಳು, ಹಿಂದೆ ಒಂದು ಗೋಪುರ, ಮುಂದೆ ನಾವಿಬ್ಬರು. ಯಾವ ಊರು ಅಂತ ಇಬ್ಬರಿಗೂ ಖಚಿತವಾಗಿ ಗೊತ್ತಿಲ್ಲ. ಮಾವ ಏನೂ ಅನ್ನಲಿಲ್ಲ, ಪುಟ ತಿರುವಿದರು. ನನಗೆ ಮಾತ್ರ ಅವತ್ತು ನಾಚಿಕೆಯಾಯಿತು. ವೀಸಾಗೆ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹಿಡಿದು ಎಲ್ಲ ಕಾಗದ ಜೋಡಿಸಿ, ರಜೆಗೆ ಮ್ಯಾನೇಜರ್ ಹಿಂದೆ ಬಿದ್ದು, ಅಷ್ಟು ದೂರ ಹೋಗಿ ನಾವು ನೋಡಿದ್ದಾದರೂ ಏನು? ಆಮೇಲೆ ಇನ್ನೊಂದು ಪ್ರಾಜೆಕ್ಟಿನ ನೆಪದಲ್ಲಿ ಮತ್ತೆ ಹೋಗುವ ಅವಕಾಶ ಸಿಕ್ಕಾಗ ಎರಡೂ ಊರುಗಳನ್ನು ಬೇರೆಬೇರೆಯಾಗಿ, ನಿಧಾನವಾಗಿ ನೋಡಿದೆ. ಅದರ ಫಲ ಈ ಬರಹ.

ಈ ಪ್ರಶ್ನೆಗೆ ಇಂಟರ್‌ನೆಟ್ಟಿನಲ್ಲಿ ಒಂದು ರೆಡಿಮೇಡ್ ಉತ್ತರ ಇದೆ. ಬ್ರೂಜ್ ಸುಂದರ, ಆದರೆ ಅದೊಂದು ಮ್ಯೂಸಿಯಂ, ಡಿಸ್ನಿಲ್ಯಾಂಡ್, ಬರೀ ಟೂರಿಸ್ಟುಗಳು. ಗೆಂಟ್ ಜೀವಂತ, ಅಸಲಿ, "ಅಥೆಂಟಿಕ್". ಆದ್ದರಿಂದ ಗೆಂಟಿನಲ್ಲಿ ಉಳಿದುಕೊಳ್ಳಿ, ಬ್ರೂಜಿಗೆ ಅರ್ಧ ದಿನ ಹೋಗಿ ಬನ್ನಿ. ಕೇಳೋಕೆ ಬುದ್ಧಿವಂತಿಕೆಯ ಮಾತು. ನಾವು ಸಾಮಾನ್ಯ ಟೂರಿಸ್ಟ್ ಅಲ್ಲ, ಸ್ವಲ್ಪ ತಿಳಿದವರು ಅಂತ ಅನ್ನಿಸಿಕೊಳ್ಳಲು ಬಯಸುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ನನ್ನ ತಕರಾರು ಏನೆಂದರೆ, ಈ ಉತ್ತರದ ಮೊದಲ ಭಾಗ ಅರ್ಧ ಸತ್ಯ, ಎರಡನೆಯ ಭಾಗ ಪೂರ್ತಿ ತಲೆಕೆಳಗು.

ಬ್ರೂಜ್‌ನಿಂದ ಶುರು ಮಾಡೋಣ. ಹದಿಮೂರು, ಹದಿನಾಲ್ಕನೇ ಶತಮಾನದಲ್ಲಿ ಉತ್ತರ ಯುರೋಪಿನ ವ್ಯಾಪಾರದ ದೊಡ್ಡ ಕೇಂದ್ರ ಇದು. ಇಂಗ್ಲೆಂಡಿನ ಉಣ್ಣೆ, ಇಟಲಿಯ ಬ್ಯಾಂಕರುಗಳು, ಜರ್ಮನ್ ವರ್ತಕರು ಎಲ್ಲರೂ ಬಂದು ಸೇರುತ್ತಿದ್ದ ಜಾಗ. ಷೇರುಪೇಟೆಗೆ ಯುರೋಪಿನ ಹಲವು ಭಾಷೆಗಳಲ್ಲಿ ಬಳಸುವ 'ಬೋರ್ಸ್' ಅನ್ನುವ ಪದ ಇದೆಯಲ್ಲ, ಅದು ಇಲ್ಲಿನ ವಾನ್ ಡೆರ್ ಬೂರ್ಸೆ ಎಂಬ ಮನೆತನದ ಛತ್ರದಿಂದ ಬಂದದ್ದು. ಆ ಛತ್ರದ ಮುಂದೆ ವರ್ತಕರು ನಿಂತು ವ್ಯವಹಾರ ಕುದುರಿಸುತ್ತಿದ್ದರು. ನಾವು ಮೊಬೈಲಿನಲ್ಲಿ ಮ್ಯೂಚುವಲ್ ಫಂಡ್ ನೋಡಿಕೊಳ್ಳುವ ಜನ, ನಮ್ಮ ತಲೆನೋವಿನ ಮೂಲಸ್ಥಾನ ಒಂದು ಈ ಊರಿನಲ್ಲಿದೆ.

ಆಮೇಲೆ ಸಮುದ್ರದಿಂದ ಊರಿಗೆ ಹಡಗು ತರುತ್ತಿದ್ದ ಜ್ವಿನ್ ಕಾಲುವೆಯಲ್ಲಿ ಹೂಳು ತುಂಬಿತು. ಅದರ ಜೊತೆಗೆ ರಾಜಕೀಯವೂ ಕೈಕೊಟ್ಟಿತು. 1480ರ ದಶಕದಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಮ್ಯಾಕ್ಸಿಮಿಲಿಯನ್ ಜೊತೆ ಜಗಳ ಮಾಡಿಕೊಂಡ ಊರಿನವರು 1488ರಲ್ಲಿ ಅವನನ್ನೇ ಹಿಡಿದು ಕೂಡಿಹಾಕಿದರು. ವರ್ತಕರು ಗಂಟು ಮೂಟೆ ಕಟ್ಟಿಕೊಂಡು ಆಂಟ್ವರ್ಪಿಗೆ ಹೋದರು. ಊರು ಬಡವಾಯಿತು. ಒಂದೆರಡು ದಶಕ ಅಲ್ಲ, ಮುನ್ನೂರು ವರ್ಷಕ್ಕೂ ಹೆಚ್ಚು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅದು ಬೆಲ್ಜಿಯಂನ ತೀರಾ ಬಡ ಊರುಗಳಲ್ಲಿ ಒಂದು. ಹೆಂಗಸರು ಕಣ್ಣು ಕಳಕೊಂಡು ಲೇಸು ಹೆಣೆದು ದಿನ ದೂಡುತ್ತಿದ್ದರು. ಈಗ ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟು ಮಾರುವ ಆ ಲೇಸಿನ ಹಿಂದಿನ ಕಥೆ ಅದು.

ಹಳೇ ಮನೆ ಕೆಡವಿ ಹೊಸದು ಕಟ್ಟಲು ದುಡ್ಡು ಬೇಕು. ದುಡ್ಡಿರಲಿಲ್ಲ, ಹಾಗಾಗಿ ಹಳೆಯದು ಉಳಿಯಿತು. ಬ್ರೂಜ್ ನೋಡಿ "ಎಷ್ಟು ಚೆನ್ನಾಗಿ ಕಾಪಾಡಿದ್ದಾರೆ" ಅನ್ನುತ್ತೇವೆ. ಮುನ್ನೂರು ವರ್ಷ ಅದನ್ನು ಕಾಪಾಡಿದ್ದು ಬಡತನ.

ಹಾಗಂತ ಉಳಿದದ್ದೆಲ್ಲ ಹಳೆಯದೇ ಅಂತಲೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗೋಥಿಕ್ ಶೈಲಿಯ ಹುಚ್ಚು ಹಿಡಿದ ಕಟ್ಟಡಶಿಲ್ಪಿಗಳು, ಅಲ್ಲಿ ಬಂದು ನೆಲೆಸಿದ್ದ ಇಂಗ್ಲಿಷರು, ಊರಿನ ಆಡಳಿತ ಎಲ್ಲ ಸೇರಿ ಬ್ರೂಜನ್ನು ಅದು ಹೇಗಿರಬೇಕಿತ್ತೋ ಹಾಗೆ ತಿದ್ದಿದರು. ಮಾರ್ಕ್ಟ್ ಚೌಕದಲ್ಲಿ ನಿಂತು ಎಲ್ಲರೂ ಬಾಯಿಬಿಟ್ಟು ನೋಡುವ ಪ್ರಾಂತೀಯ ಭವನ, 1878ರಲ್ಲಿ ಅಲ್ಲಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಕಟ್ಟಿದ್ದು. ಪಾಚಿ ಹಿಡಿದ, ಏಳುನೂರು ವರ್ಷದ್ದು ಅಂತ ಪ್ರಮಾಣ ಮಾಡಬಹುದಾದ ಬೋನಿಫಾಸಿಯಸ್ ಸೇತುವೆ ಇದೆಯಲ್ಲ, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳದ ಜೋಡಿಯೇ ಇಲ್ಲ. ಅದು 1910ರದ್ದು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ವಯಸ್ಸು.

"ಹಾಗಾದರೆ ಬ್ರೂಜ್ ನಕಲಿ, ಗೆಂಟೇ ಅಸಲಿ" ಅಂತ ಎದ್ದು ನಿಲ್ಲಬೇಡಿ. ಗೆಂಟಿನ ಪ್ರಸಿದ್ಧ ನೋಟ, ಗ್ರಾಸ್ಲೇ ದಂಡೆಯ ಸಾಲುಮನೆಗಳು, 1913ರಲ್ಲಿ ಅಲ್ಲಿ ನಡೆದ ವಿಶ್ವ ಪ್ರದರ್ಶನಕ್ಕಾಗಿ ದುರಸ್ತಿಯಾಗಿ, ಕೆಲವು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಲ್ಪಟ್ಟು, ಸಿಂಗಾರಗೊಂಡವು. ಮೂರು ಗೋಪುರಗಳೂ ಒಂದೇ ಸಾಲಿಗೆ ಕಾಣುವ ಸೇಂಟ್ ಮೈಕೆಲ್ ಸೇತುವೆಯೂ ಇಪ್ಪತ್ತನೇ ಶತಮಾನದ ಶುರುವಿನದ್ದೇ. ಎರಡೂ ಊರುಗಳು ಸುಮಾರು ಒಂದೇ ಕಾಲಕ್ಕೆ ಕನ್ನಡಿ ಮುಂದೆ ಕೂತು ಮಧ್ಯಯುಗದ ಮೇಕಪ್ ಹಾಕಿಕೊಂಡವು. ಅಸಲಿ-ನಕಲಿ ಅನ್ನುವ ತಕ್ಕಡಿ ಇಲ್ಲಿ ಕೆಲಸ ಮಾಡುವುದಿಲ್ಲ.

ಈ ಅಸಲಿಯ ಹುಚ್ಚಿಗೆ ಗೆಂಟಿನಲ್ಲೇ ಒಂದು ಒಳ್ಳೆ ಪಾಠ ಇದೆ. ಸೇಂಟ್ ಬಾವೊ ಚರ್ಚಿನಲ್ಲಿ ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಸಹೋದರರು ಬರೆದು 1432ರಲ್ಲಿ ಮುಗಿದ ದೊಡ್ಡ ಚಿತ್ರವಿದೆ, ಬಾಗಿಲುಗಳ ಹಾಗೆ ತೆರೆದು ಮುಚ್ಚುವಂಥದ್ದು. ನಡುವೆ ಪೀಠದ ಮೇಲೆ ಒಂದು ಕುರಿಮರಿ. ಸುಮಾರು ನಾನೂರೈವತ್ತು ವರ್ಷ ಜನ ನೋಡಿದ್ದು ಸೌಮ್ಯ ಮುಖದ, ಎಲ್ಲ ಕುರಿಗಳಂಥ ಒಂದು ಕುರಿ. 2012ರಲ್ಲಿ ಶುರುವಾದ ದುರಸ್ತಿಯಲ್ಲಿ ಮೇಲಿನ ಬಣ್ಣ ತೆಗೆದಾಗ ಗೊತ್ತಾಯಿತು, ಆ ಸೌಮ್ಯ ಮುಖ ಹದಿನಾರನೇ ಶತಮಾನದಲ್ಲಿ ಯಾರೋ ಬಳಿದದ್ದು. ಒಳಗಿದ್ದ ವಾನ್ ಐಕನ ಕುರಿಗೆ ಮನುಷ್ಯನ ಕಣ್ಣು. ನೇರವಾಗಿ, ದುರುಗುಟ್ಟಿ ನಮ್ಮನ್ನೇ ನೋಡುತ್ತೆ. 2020ರ ಜನವರಿಯಲ್ಲಿ ಜಗತ್ತೆಲ್ಲ ಆ ಮುಖದ ಮೀಮ್ ಮಾಡಿ ನಕ್ಕಿತು. "ಹಾಳು ಮಾಡಿಬಿಟ್ಟರು" ಅಂತ ಬೈದವರೂ ಇದ್ದರು. ಅಸಲಿ ಬೇಕು ಬೇಕು ಅನ್ನುವವರಿಗೆ ಅಸಲಿ ಸಿಕ್ಕಾಗ ಅದು ಹಿಡಿಸಲಿಲ್ಲ. ನಮಗೆ ಇಷ್ಟವಾಗುವುದು ಹಳೆಯದಲ್ಲ, ನಮಗೆ ಅಭ್ಯಾಸವಾದ ಹಳೆಯದು.

ಬ್ರೂಜಿನ ವಿಷಯದಲ್ಲಿ ಆ ಅಭ್ಯಾಸ ಮಾಡಿಸಿದ್ದು ಯಾರು ಅಂತಲೂ ಹೇಳಬಹುದು. 1892ರಲ್ಲಿ ಜಾರ್ಜ್ ರೋಡೆನ್‌ಬಾಕ್ ಎಂಬ ಲೇಖಕ ಫ್ರೆಂಚಿನಲ್ಲಿ 'ಬ್ರೂಜ್-ಲಾ-ಮೋರ್ಟ್' ಅಂತ ಒಂದು ಸಣ್ಣ ಕಾದಂಬರಿ ಬರೆದ. ಹೆಸರಿನ ಅರ್ಥವೇ 'ಸತ್ತ ಬ್ರೂಜ್'. ಹೆಂಡತಿ ಸತ್ತವನೊಬ್ಬ ಅವಳ ನೆನಪಿಗೆ ಹೊಂದುವ ಊರು ಇದೇ ಅಂತ ಬಂದು ನೆಲೆಸುತ್ತಾನೆ, ಅವಳ ಹಾಗೇ ಕಾಣುವ ಇನ್ನೊಬ್ಬಳ ಹಿಂದೆ ಬೀಳುತ್ತಾನೆ. ಆ ಪುಸ್ತಕದ ವಿಶೇಷ ಏನೆಂದರೆ ಕಥೆಯ ನಡುನಡುವೆ ಬ್ರೂಜಿನ ಫೋಟೊಗಳು. ಕಾಲುವೆ, ಸೇತುವೆ, ಗೋಪುರ. ಅಂದರೆ ನಾವು ಇನ್‌ಸ್ಟಾಗ್ರಾಮಿನಲ್ಲಿ ಮಾಡುವುದನ್ನು ಅವನು ಮೊದಲೇ ಮಾಡಿಟ್ಟಿದ್ದ. ಊರನ್ನು ನೋಡುವ ಮೊದಲೇ ಅದರ ಚಿತ್ರ ನೋಡಿ, ಆಮೇಲೆ ಹೋಗಿ ಆ ಚಿತ್ರಕ್ಕೆ ಹೊಂದುವ ಜಾಗ ಹುಡುಕುವುದು.

ಬ್ರೂಜಿನ ಜನಕ್ಕೆ ಸಿಟ್ಟು ಬಂತು. ಬರಬೇಕಾದ್ದೇ. ಅವರು ಸಮುದ್ರತೀರದಲ್ಲಿ ಹೊಸ ಬಂದರು ಕಟ್ಟಿ ಊರನ್ನು ಮತ್ತೆ ಎಬ್ಬಿಸುವ ಓಡಾಟದಲ್ಲಿದ್ದರು. ಜೇಬ್ರುಗೆ ಅನ್ನುವ ಆ ಬಂದರು 1907ರಲ್ಲಿ ಉದ್ಘಾಟನೆಯಾಯಿತು. ಬದುಕಲು ಪ್ರಯತ್ನಿಸುತ್ತಿರುವ ಊರಿಗೆ ಹೊರಗಿನವನೊಬ್ಬ "ನೀನು ಸತ್ತಿದ್ದೀಯ, ಹಾಗೇ ಇರು, ಚೆನ್ನಾಗಿ ಕಾಣ್ತೀಯ" ಅಂದರೆ ಹೇಗಾಗಬೇಡ? ರೋಡೆನ್‌ಬಾಕ್ ತೀರಿಕೊಂಡ ಮೇಲೆ ಸ್ಮಾರಕ ನಿಲ್ಲಿಸುವ ಮಾತು ಬಂದಾಗ ಬ್ರೂಜ್ ಒಪ್ಪಲಿಲ್ಲ. ಅದು ಈಗ ಗೆಂಟಿನಲ್ಲಿದೆ. ತಮಾಷೆ ಎಂದರೆ ಅವನು ಬೆಳೆದದ್ದೂ ಗೆಂಟಿನಲ್ಲೇ. ಬ್ರೂಜನ್ನು 'ಸತ್ತ ಊರು' ಅಂತ ಜಗತ್ತಿಗೆ ಮಾರಿದವನು ಪಕ್ಕದ ಊರಿನ ಹುಡುಗ. ಇವತ್ತು "ಬ್ರೂಜ್ ಮ್ಯೂಸಿಯಂ, ಗೆಂಟ್ ಜೀವಂತ" ಅನ್ನುವವರು ಸುಮಾರು ನೂರಮೂವತ್ತು ವರ್ಷದ ಹಿಂದಿನ ಆ ಡೈಲಾಗನ್ನೇ ಸ್ವಲ್ಪ ಪಾಲಿಶ್ ಮಾಡಿ ಹೇಳುತ್ತಿದ್ದಾರೆ.

ಗೆಂಟ್ ಜೀವಂತ ಅನ್ನುವುದೇನೋ ನಿಜ. ಆದರೆ ಅದನ್ನು ಹೊಗಳುವವರು ಕೆಫೆ, ಗ್ರಾಫಿಟಿ, ಸ್ಟೂಡೆಂಟುಗಳು ಅಂತ ನಿಲ್ಲಿಸಿಬಿಡುತ್ತಾರೆ. ಆ ಊರಿನ ಜೀವ ಇರುವುದು ಅದರ ಜಗಳಗಂಟತನದಲ್ಲಿ. ನೇಕಾರರ ಊರು ಅದು. ಒಂದು ಕಾಲಕ್ಕೆ ಆಲ್ಪ್ಸ್ ಪರ್ವತದ ಉತ್ತರಕ್ಕೆ ಪ್ಯಾರಿಸ್ ಬಿಟ್ಟರೆ ದೊಡ್ಡ ಊರುಗಳಲ್ಲಿ ಒಂದು. ಚಕ್ರವರ್ತಿ ಐದನೇ ಚಾರ್ಲ್ಸ್ ಹುಟ್ಟಿದ್ದು 1500ರಲ್ಲಿ ಇಲ್ಲೇ. ತಮ್ಮೂರ ಮಗ ಅಂತ ಊರಿನವರೇನೂ ರಿಯಾಯಿತಿ ಕೊಡಲಿಲ್ಲ. ಅವನ ಯುದ್ಧಕ್ಕೆ ತೆರಿಗೆ ಕೊಡಲ್ಲ ಅಂತ 1539ರಲ್ಲಿ ದಂಗೆ ಎದ್ದರು. ಮರುವರ್ಷ ಅವನು ಸೈನ್ಯ ತಂದು ಊರನ್ನು ಬಗ್ಗಿಸಿ, ಪ್ರಮುಖರನ್ನು ಬರಿಗಾಲಲ್ಲಿ, ಕೆಲವರ ಕೊರಳಿಗೆ ನೇಣಿನ ಕುಣಿಕೆ ಹಾಕಿಸಿ ಮೆರವಣಿಗೆ ಮಾಡಿಸಿದ. ಬೇರೆ ಊರಾಗಿದ್ದರೆ ಆ ಅವಮಾನವನ್ನು ಮುಚ್ಚಿಡುತ್ತಿತ್ತು. ಗೆಂಟಿನವರು ಇವತ್ತಿಗೂ ತಮ್ಮನ್ನು 'ಕುಣಿಕೆ ಹೊತ್ತವರು' ಅಂತಲೇ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ, ಜುಲೈ ತಿಂಗಳ ಊರಹಬ್ಬದಲ್ಲಿ ಬಿಳಿ ಅಂಗಿ ತೊಟ್ಟು, ಹಗ್ಗ ಕಟ್ಟಿಕೊಂಡು ನಡೆಯುತ್ತಾರೆ.

ಊರಿನ ನಡುವೆ ಗ್ರಾವೆನ್‌ಸ್ಟೇನ್ ಎಂಬ ಕೋಟೆ ಇದೆ, 1180ರದ್ದು. ಮಕ್ಕಳ ಚಿತ್ರಪುಸ್ತಕದಿಂದ ಎದ್ದು ಬಂದ ಹಾಗಿದೆ. ಅದರೊಳಗೆ ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿ ಗಿರಣಿ ನಡೆಯುತ್ತಿತ್ತು ಅಂದರೆ ನಂಬುತ್ತೀರಾ? ಲೀವೆನ್ ಬೌವೆನ್ಸ್ ಎಂಬ ಗೆಂಟಿನ ವ್ಯಾಪಾರಿ ಇಂಗ್ಲೆಂಡಿನಿಂದ ನೂಲುವ ಯಂತ್ರವನ್ನು ಕದ್ದುಮುಚ್ಚಿ ಸಾಗಿಸಿ ತಂದ. ಕೈಗಾರಿಕಾ ಬೇಹುಗಾರಿಕೆ ಅನ್ನಿ. ಅದರಿಂದ ಊರು ಗಿರಣಿಗಳ ಊರಾಯಿತು. 1949ರಲ್ಲಿ ಬಿಯರಿನ ಬೆಲೆ ಏರಿಸಿದ್ದಕ್ಕೆ ಪ್ರತಿಭಟಿಸಿ ವಿದ್ಯಾರ್ಥಿಗಳು ಇದೇ ಕೋಟೆಯನ್ನು ವಶಪಡಿಸಿಕೊಂಡು ಒಳಗೆ ಕೂತಿದ್ದರು. ಬ್ರೂಜಿಗೆ ದುಡ್ಡಿಲ್ಲದೆ ಹಳೆಯದು ಉಳಿದರೆ, ಇಲ್ಲಿ ಹಳೆಯದನ್ನು ಯಾವುದೋ ಒಂದು ಕೆಲಸಕ್ಕೆ ಬಳಸುತ್ತಲೇ ಉಳಿಸಿಕೊಂಡರು. ಎರಡೂ ಉಳಿಯುವ ದಾರಿಗಳೇ. ಒಂದು ಮೇಲು ಇನ್ನೊಂದು ಕೀಳು ಅಂತಿಲ್ಲ.

ಆದ್ದರಿಂದ ಯಾವುದು ಸುಂದರ, ಯಾವುದು ಅಸಲಿ ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಯಾವ ಊರಿಗೆ ದಿನದ ಯಾವ ಹೊತ್ತು ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ರೆಡಿಮೇಡ್ ಉತ್ತರ ತಲೆಕೆಳಗು ಅಂದೆನಲ್ಲ, ಅದು ಇಲ್ಲೇ.

ಬ್ರೂಜಿಗೆ ಹಗಲು ಹೋದರೆ ನಿಮಗೆ ಸಿಗುವುದು ನಿಮ್ಮಂಥದ್ದೇ ಸಾವಿರಾರು ಜನ. ಬೆಳಿಗ್ಗೆ ಹತ್ತಕ್ಕೆ ಬಸ್ಸುಗಳು ಬರುತ್ತವೆ, ಜೇಬ್ರುಗೆಯಲ್ಲಿ ನಿಂತ ಕ್ರೂಸ್ ಹಡಗಿನಿಂದ ಗುಂಪು ಇಳಿಯುತ್ತದೆ, ಬ್ರಸೆಲ್ಸಿನಿಂದ ರೈಲು. ರೋಜೆನ್‌ಹುಡ್‌ಕಾಯ್ ಮೂಲೆಯಲ್ಲಿ ಫೋಟೊಗೆ ಕ್ಯೂ. ಗಂಟೆಗೋಪುರದ 366 ಮೆಟ್ಟಿಲಿಗೂ ಕ್ಯೂ. ಎಲ್ಲರೂ ನಾಲ್ಕು ಗಂಟೆ ಇದ್ದು, ವಾಫಲ್ ತಿಂದು, ಸಂಜೆಗೆ ಜಾಗ ಖಾಲಿ ಮಾಡುತ್ತಾರೆ. ಊರಿಗೆ ಸುಸ್ತು ಮಾಡುವುದು ಈ ಜನ. 2019ರಲ್ಲಿ ಅಲ್ಲಿನ ಆಡಳಿತ ಹಗಲು ಬಂದು ಹೋಗುವವರನ್ನು ಕರೆಯುವ ಜಾಹೀರಾತು ನಿಲ್ಲಿಸುತ್ತೇವೆ, ಕ್ರೂಸ್ ಹಡಗುಗಳನ್ನೂ ಮಿತಿಗೊಳಿಸುತ್ತೇವೆ ಅಂತ ಹೇಳಿತು. ಅಂದರೆ "ಬ್ರೂಜಿಗೆ ಅರ್ಧ ದಿನ ಹೋಗಿ ಬನ್ನಿ, ಬರೀ ಟೂರಿಸ್ಟುಗಳು" ಅನ್ನುವ ಸಲಹೆಯೇ ಆ ಟೂರಿಸ್ಟುಗಳನ್ನು ತಯಾರು ಮಾಡುವ ಕಾರ್ಖಾನೆ. ಮೊದಲ ಸಲ ನಾವಿಬ್ಬರೂ ಅಲ್ಲಿ ತಯಾರಾದ ಮಾಲು.

ಎರಡನೇ ಸಲ ರಾತ್ರಿ ಉಳಿದೆವು. ಏಳು ಗಂಟೆ ಹೊತ್ತಿಗೆ ಬೀದಿಗಳು ಸಡಿಲವಾದವು. ಒಂಬತ್ತಕ್ಕೆ ಕಲ್ಲುಹಾಸಿನ ಮೇಲೆ ನಮ್ಮ ಚಪ್ಪಲಿ ಸದ್ದು ನಮಗೇ ಕೇಳುತ್ತಿತ್ತು. ಒಂದು ಕಿಟಕಿಯೊಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು, ಇನ್ನೊಂದರಲ್ಲಿ ಟೀವಿ. ಬೆಳಿಗ್ಗೆ ಆರೂವರೆಗೆ ಎದ್ದು ಹೊರಟರೆ ಮಂಜು, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇಲ್ಲ, ಬ್ರೆಡ್ಡಿನ ಅಂಗಡಿಯ ದೀಪ ಮಾತ್ರ. ನನ್ನ ಹೆಂಡತಿ ಸೇತುವೆ ಮೇಲೆ ನಿಂತು, "ಓ, ಇಲ್ಲಿ ಜನ ಇದಾರೆ ಕಣೋ" ಅಂದಳು. ಸತ್ತ ಊರು ಅಲ್ಲ ಅದು. ಹಗಲೆಲ್ಲ ಅತಿಥಿ ಸತ್ಕಾರ ಮಾಡಿ, ರಾತ್ರಿ ಬಾಗಿಲು ಹಾಕಿಕೊಂಡು ಬದುಕುವ ಊರು.

ಗೆಂಟ್ ಹಾಗಲ್ಲ. ಅದಕ್ಕೆ ಹಗಲು ಬೇಕು, ಅದರಲ್ಲೂ ವಾರದ ದಿನ ಸಿಕ್ಕಿದರೆ ಪುಣ್ಯ. ಅದು ಕೆಲಸ ಮಾಡುತ್ತಿರುವಾಗ ನೋಡಬೇಕಾದ ಊರು. 1817ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹುಡುಗರು, ಟ್ರಾಮು, ಅದರ ಹಳಿ ತಪ್ಪಿಸಿ ಓಡುವ ಸೈಕಲ್ಲುಗಳು. 2017ರಲ್ಲಿ ಊರಿನ ನಡುಭಾಗದ ಮೂಲಕ ಕಾರು ಹಾದುಹೋಗದ ಹಾಗೆ ರಸ್ತೆಗಳನ್ನೇ ಹಂಚಿಹಾಕಿದರು. ಔಟರ್ ರಿಂಗ್ ರೋಡಿನಲ್ಲಿ ಜೀವನ ಸವೆಸಿದವರಿಗೆ ಅದನ್ನು ನೋಡುವುದೇ ಒಂದು ಪ್ರವಾಸ. ಸಸ್ಯಾಹಾರಿಗಳಿಗೆ ಇನ್ನೊಂದು ಸಮಾಚಾರ. 2009ರಿಂದ ಗುರುವಾರ ಮಾಂಸ ಬಿಡಿ ಅಂತ ಊರಿನ ಆಡಳಿತವೇ ಪ್ರಚಾರ ಮಾಡಿದ ಊರು ಇದು. "ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಏನೂ ಇಲ್ವಾ" ಅಂತ ಅಳುವ ಪರಿಸ್ಥಿತಿ ಇಲ್ಲಿ ಬರುವುದಿಲ್ಲ.

ಸಂಜೆಯಾದರೆ ಸಿಂತ್-ವೀರ್ಲೆಪ್ಲೇನ್ ಚೌಕಕ್ಕೆ ಹೋಗಿ. ಅಲ್ಲಿಯ ಬೀದಿದೀಪಗಳಿಗೆ ಊರಿನ ಹೆರಿಗೆ ಆಸ್ಪತ್ರೆಗಳಿಂದ ಸಂಪರ್ಕ ಇದೆ. ಮಗು ಹುಟ್ಟಿದಾಗ ಅಲ್ಲಿಂದ ಗುಂಡಿ ಒತ್ತಿದರೆ ಇಲ್ಲಿ ದೀಪ ಮೆಲ್ಲಗೆ ಪ್ರಖರವಾಗುತ್ತೆ. ಇಟಲಿಯ ಕಲಾವಿದ ಆಲ್ಬರ್ಟೊ ಗರುಟ್ಟಿ ಮಾಡಿದ ಕೆಲಸ. ಅದೇ ಚೌಕದಲ್ಲಿ ಹಿಂದೆ ಜನರನ್ನು ಗಲ್ಲಿಗೆ ಹಾಕುತ್ತಿದ್ದರು. ನಾವು ಅರ್ಧ ಗಂಟೆ ಕಾದೆವು, ದೀಪ ಹೆಚ್ಚಾಗಲಿಲ್ಲ. ಬೇಜಾರೇನೂ ಆಗಲಿಲ್ಲ.

ಎರಡೂ ಊರುಗಳನ್ನು ಒಟ್ಟಿಗೆ ನೆನೆಯಲು ನನಗೊಂದು ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬ್ರೂಜಿನ ಚರ್ಚ್ ಆಫ್ ಅವರ್ ಲೇಡಿಯಲ್ಲಿ ಮೈಕೆಲೇಂಜೆಲೊ ಕೆತ್ತಿದ ಅಮೃತಶಿಲೆಯ ತಾಯಿ-ಮಗು ಇದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಅದನ್ನೂ ದೋಚಿದರು, ಗೆಂಟಿನ ವಾನ್ ಐಕ್ ಚಿತ್ರವನ್ನೂ ದೋಚಿದರು. 1945ರಲ್ಲಿ ಎರಡೂ ಸಿಕ್ಕಿದ್ದು ಆಸ್ಟ್ರಿಯಾದ ಆಲ್ಟೌಸೇ ಎಂಬಲ್ಲಿನ ಒಂದೇ ಉಪ್ಪಿನ ಗಣಿಯಲ್ಲಿ. ಕದ್ದವರಿಗೆ ಎರಡೂ ಊರಿನ ಆಸ್ತಿ ಒಂದೇ ಪಟ್ಟಿಯ ಎರಡು ಐಟಂ. ಆಲ್ಬಂ ಮುಂದೆ ಕೂತಿದ್ದ ನಮಗೂ ಹೆಚ್ಚುಕಡಿಮೆ ಹಾಗೇ ಆಗಿತ್ತಲ್ಲ ಅಂತ ಅನ್ನಿಸಿ ಆ ಶಿಲ್ಪದ ಮುಂದೆ ಸ್ವಲ್ಪ ಕಸಿವಿಸಿಯಾಯಿತು.

ಹಳೇ ಊರು ಅಂದರೆ ಕಲ್ಲೋ, ಜನವೋ ಅನ್ನುವುದು ಬೆಲ್ಜಿಯಂನವರ ತಲೆನೋವು ಮಾತ್ರ ಅಲ್ಲ. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಹಳೇ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಸ್ಮಾರಕ ಉಳಿಸಬೇಕು ಅಂತ ಎಬ್ಬಿಸಿದರು. ಈಗ ಅಲ್ಲಿ ಫೋಟೊ ಬಹಳ ಚೆನ್ನಾಗಿ ಬರುತ್ತೆ. ಅದು ಸರಿಯೋ ತಪ್ಪೋ ಅಂತ ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ. ಆದರೆ ನಾವು ಎರಡು ದಿನಕ್ಕೆ ಹೋಗುವ ಊರಿನಿಂದ ಏನು ಬಯಸುತ್ತೇವೋ ಅದಕ್ಕೆ ತಕ್ಕ ಹಾಗೆ ಊರುಗಳು ಬದಲಾಗುತ್ತವೆ ಅನ್ನುವುದು ನಿಜ. ಖಾಲಿ ಹಿನ್ನೆಲೆ ಬೇಕು ಅಂತ ಸಾಕಷ್ಟು ಜನ ಕೇಳಿದರೆ, ಅದನ್ನೇ ಕೊಡುತ್ತಾರೆ.

ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ಪ್ರಶ್ನೆ ಕೇಳಿದಳು. "ಸರ್, ಬ್ರೂಜಾ, ಗೆಂಟಾ?" ಈ ಸಲ ಕೈತೊಳೆದುಕೊಳ್ಳಲಿಲ್ಲ. ನಾನು ಕಳಿಸಿದ ಉತ್ತರ ಇದು:

"ಶುಕ್ರವಾರ ಸಂಜೆಯೇ ಬ್ರೂಜಿಗೆ ರೈಲು ಹತ್ತು, ರಾತ್ರಿ ಅಲ್ಲೇ ಉಳಿ. ಶನಿವಾರ ಬೆಳಿಗ್ಗೆ ಬೇಗ ಎದ್ದು ನಡಿ, ಹತ್ತು ಗಂಟೆ ಹೊತ್ತಿಗೆ ಬಸ್ಸುಗಳು ಬರುವಾಗ ಗೆಂಟಿಗೆ ಹೊರಟುಬಿಡು. ಅಲ್ಲಿ ಇಡೀ ಹಗಲು ಇರು. ಕುರಿಮರಿಗೆ ಮೊದಲೇ ಟಿಕೆಟ್ ಬುಕ್ ಮಾಡಿಕೊ. ಜುಲೈ ಆದರೆ ಊರಹಬ್ಬ ಇರುತ್ತೆ, ರೂಮ್ ಸಿಗೋದು ಕಷ್ಟ. ಒಂದೇ ಹಗಲು ಇದೆ, ರಾತ್ರಿ ಉಳಿಯೋಕೆ ಆಗಲ್ಲ ಅಂದರೆ ಗೆಂಟ್ ಮಾತ್ರ ನೋಡು, ಬ್ರೂಜ್ ಬಿಡು. ಅದಕ್ಕೆ ಇನ್ನೊಂದು ಸಲ ಹೋಗು. ಒಂದು ಹಗಲಲ್ಲಿ ಎರಡೂ ಮಾತ್ರ ಬೇಡ."

"ಬ್ರೂಜ್ ಮಿಸ್ ಆಗಲ್ವಾ ಸರ್?" ಅಂತ ಮರುಪ್ರಶ್ನೆ ಬಂತು.

"ಆಗುತ್ತೆ, ಆಗಲಿ ಬಿಡು" ಅಂತ ಹಾಕಿದೆ. ನಮ್ಮ ಮನೆಯ ಆಲ್ಬಂನಲ್ಲಿ ಆ ಫೋಟೊ ಈಗಲೂ ಇದೆ. ಎರಡನೇ ಸಲ ಹೋಗಿ ಬಂದಮೇಲೆ ಅದು ಗೆಂಟೇ ಅಂತ ಗೊತ್ತಾಯಿತು, ಹಿಂದಿನ ಗೋಪುರದ ತುದಿಯಲ್ಲಿ ಡ್ರ್ಯಾಗನ್ ಇದೆ. ಹೆಂಡತಿ ಹೇಳಿದ್ದೇ ಸರಿ. ಮಾವನಿಗೆ ಫೋನ್ ಮಾಡಿ ಹೇಳಿದೆ.